ಬೆತ್ತವನ್ನಷ್ಟೇ ನೋಡಬೇಡಿ, ಗಡಿಯಾರವನ್ನೂ ನೋಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನಲ್ಲಿ ಪಶುವೈದ್ಯನಾಗಿ ದುಡಿದವನಿಗೆ ನವೆಂಬರ್ ಬಂತೆಂದರೆ ಶನಿವಾರ, ಭಾನುವಾರ ಕಂಬಳಕ್ಕೇ ಮೀಸಲು. ಕಕ್ಯಪದವಿನ ಸತ್ಯ-ಧರ್ಮ, ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ, ಹೀಗೆ ಒಂದಾದ ಮೇಲೊಂದು ಜೋಡುಕರೆ, ಅಂದರೆ ಅಕ್ಕಪಕ್ಕ ಎರಡು ಓಟದ ಕರೆಗಳಿರುವ ಕಂಬಳ. ಉಳಿದ ದಿನಗಳಲ್ಲಿ ಹಟ್ಟಿಯ ದನ, ಉತ್ಸವಕ್ಕೆ ಬಂದ ಆನೆ, ಕಾರು ತಾಗಿ ಬಿದ್ದ ಮಂಗ. ಪ್ರಾಣಿಯನ್ನು ನೋಡುವುದಕ್ಕೆಂದೇ ದೂರದಿಂದ ಜನ ಬರುವ ಸೀಮೆ ನಮ್ಮದು. "ಇದೆಲ್ಲ ಹಿಂಸೆ ಅಲ್ವಾ ಡಾಕ್ಟ್ರೇ?" ಎಂದು ಹೊರಗಿನವರು ಕೇಳುತ್ತಾರೆ. "ಇವರಿಗೆ ಕೋಣದ ಬಗ್ಗೆ ಏನು ಗೊತ್ತುಂಟು ಮಾರಾಯ್ರೇ?" ಎಂದು ಊರಿನವರು ಕೇಳುತ್ತಾರೆ. ಇಬ್ಬರಿಗೂ ಒಟ್ಟಿಗೆ ಹೇಳಬೇಕಾದ ಕೆಲವು ಮಾತುಗಳು ನನ್ನಲ್ಲಿವೆ.

1. ಜಗಳವೆಲ್ಲ ಬೆತ್ತದ ಮೇಲೆ, ನೋವು ಹೆಚ್ಚಿನ ಪಾಲು ಕಾಯುವುದರಲ್ಲಿ.

ಓಟ ಶುರುವಾಗುವ ಗಂತಿನಲ್ಲಿ ಬಿಟ್ಟ ಕೋಣ ಓಟ ಮುಗಿಯುವ ಮಂಜೊಟ್ಟಿ ಮುಟ್ಟುವುದಕ್ಕೆ ಹನ್ನೆರಡು, ಹದಿಮೂರು ಸೆಕೆಂಡು ಸಾಕು. ಬೆತ್ತ ಬೀಳುವುದಿದ್ದರೆ ಅಷ್ಟರೊಳಗೆ ಬೀಳಬೇಕು. ಬಾಸುಂಡೆ ಎದ್ದ ಬೆನ್ನನ್ನು ನಾನೂ ನೋಡಿದ್ದೇನೆ. ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕೋಣ ಮನೆಯ ಹಟ್ಟಿ ಬಿಟ್ಟು ಲಾರಿ ಹತ್ತಿದ್ದು ಯಾವಾಗ, ತಿರುಗಿ ಹಟ್ಟಿಗೆ ಸೇರುವುದು ಯಾವಾಗ ಎಂದು ಲೆಕ್ಕ ಹಾಕಿ. ನೂರೈವತ್ತು, ಇನ್ನೂರು ಜೋಡಿ ಬಂದ ಕಂಬಳದಲ್ಲಿ ಬೆಳಗ್ಗೆ ಇಳಿದ ಕೋಣಕ್ಕೆ ಸೆಮಿಫೈನಲ್ ಸಿಗುವುದು ನಡುರಾತ್ರಿ ಕಳೆದ ಮೇಲೆ, ಫೈನಲ್ ಮರುದಿನ. ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕಣೆಹಲಗೆ, ಎಲ್ಲ ವಿಭಾಗವೂ ಮುಗಿಯಬೇಕಲ್ಲ. ಅಷ್ಟು ಹೊತ್ತು ತಲೆಯ ಮೇಲೆ ಹೊನಲು ಬೆಳಕು, ಕಿವಿಗೆ ಧ್ವನಿವರ್ಧಕ, ಹತ್ತಿರದಲ್ಲೆಲ್ಲೋ ಜನರೇಟರ್. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂದು ಕಂಬಳ ಸಮಿತಿಯವರೇ ಮತ್ತೆ ಮತ್ತೆ ಹೇಳುವುದು ಸುಮ್ಮನೆ ಅಲ್ಲ. ಲೇಸರ್ ಕಿರಣ ಇಟ್ಟು ಓಟದ ತೀರ್ಪನ್ನು ಸೆಕೆಂಡಿನ ನೂರನೇ ಭಾಗದವರೆಗೆ ಅಳೆಯುವುದನ್ನು ಕಲಿತ ನಾವು, ಓಟಗಳ ನಡುವಿನ ಗಂಟೆಗಳನ್ನು ಅಳೆಯಲು ಇನ್ನೂ ಕಲಿತಿಲ್ಲ.

2. ಕಣ್ಣೀರು ಹುಡುಕಬೇಡಿ, ಮೆಲುಕು ನೋಡಿ.

ಕೋಣದ ಕಣ್ಣಲ್ಲಿ ನೀರು ಕಂಡರೆ ಅಳುತ್ತಿದೆ ಎಂದು ಫೋಟೊ ತೆಗೆಯುವವರಿದ್ದಾರೆ. ಕೆಸರು ಸಿಡಿದರೂ, ಧೂಳು ಬಿದ್ದರೂ ಕಣ್ಣಲ್ಲಿ ನೀರು ಬರುತ್ತದೆ. ನಾನು ನೋಡುವುದು ಬಾಯಿಯನ್ನು. ಮೆಲುಕು ಹಾಕುವ ಪ್ರಾಣಿಗೆ ದಿನದಲ್ಲಿ ಏಳೆಂಟು ಗಂಟೆ ಆ ಕೆಲಸವೇ ಬೇಕು, ಅದೂ ಭಯವಿಲ್ಲದೆ, ಸಾಧ್ಯವಾದರೆ ಮಲಗಿಕೊಂಡು. ಮನಸ್ಸಿಗೆ ಅಂಜಿಕೆ ಹೊಕ್ಕರೆ ಮೊದಲು ನಿಲ್ಲುವುದು ಮೆಲುಕು. ಹೊಟ್ಟೆ ಉಬ್ಬರ, ಮೇವು ಬಿಡುವುದು, ಸಗಣಿ ತೆಳುವಾಗುವುದು, ಎಲ್ಲ ಆಮೇಲಿನ ಮಾತು. ಕರೆಯಿಂದ ಸ್ವಲ್ಪ ದೂರದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಮೊಣಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿರುವ ಕೋಣವನ್ನು ಕಂಡರೆ, ಆ ಯಜಮಾನನಿಗೆ ಕೆಲಸ ಗೊತ್ತಿದೆ ಎಂದು ನಾನು ಮುಂದೆ ಹೋಗುತ್ತೇನೆ. ಗಂಟೆಗಟ್ಟಲೆ ನಿಂತೇ ಇರುವ, ಕಿವಿಯನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇರುವ ಜೋಡಿಯ ಬಳಿ ನಿಲ್ಲುತ್ತೇನೆ. ಕಂಬಳ ನೋಡಲು ಬರುವ ಯಾರು ಬೇಕಾದರೂ ಇದನ್ನು ನೋಡಿ ತಿಳಿಯಬಹುದು. ಇದಕ್ಕೆ ಪಶುವೈದ್ಯ ಪದವಿ ಬೇಡ.

3. ಕೆಸರು ಕೋಣಕ್ಕೆ ಶಿಕ್ಷೆಯಲ್ಲ, ಬಿಸಿಲು ಶಿಕ್ಷೆ.

ಕಪ್ಪು ಚರ್ಮ, ವಿರಳ ಕೂದಲು, ದನಕ್ಕಿಂತ ಬಹಳ ಕಡಿಮೆ ಬೆವರುಗ್ರಂಥಿಗಳು. ಎಮ್ಮೆ, ಕೋಣಗಳ ಮೈ ನೀರನ್ನು ನಂಬಿಕೊಂಡಿದೆ. ಹಾಗಾಗಿ ಕೆಸರಿನಲ್ಲಿ ಓಡಿಸುವುದೇ ಕ್ರೌರ್ಯ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮಾರ್ಚ್ ತಿಂಗಳ ಹನ್ನೆರಡು ಗಂಟೆಯ ಬಿಸಿಲಿಗೆ ಬೋಳು ಮೈದಾನದಲ್ಲಿ ಕಟ್ಟುವುದು ಕ್ರೌರ್ಯ. ಓಡಿ ಬಂದ ತಕ್ಷಣ ನೀರೆರೆಯದೆ ಮೆರವಣಿಗೆಗೆ, ಸೆಲ್ಫಿಗೆ ನಿಲ್ಲಿಸುವುದೂ ಅದೇ ಸಾಲಿನದು. ಒಳ್ಳೆಯ ಮನೆತನದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಅವರ ಹಟ್ಟಿಯಲ್ಲಿ ಫ್ಯಾನ್ ಇದೆ, ಈಜಲು ಕೆರೆ ಇದೆ, ಬೇಯಿಸಿದ ಹುರುಳಿ ಇದೆ, ಎಣ್ಣೆ ತಿಕ್ಕುವ ಆಳಿದ್ದಾನೆ.

4. ಮುದ್ದು ಮಾಡುತ್ತೇವೆ ಎನ್ನುವುದು ಉತ್ತರವಲ್ಲ.

ಫ್ಯಾನ್, ಹುರುಳಿ, ಎಣ್ಣೆ ಎಲ್ಲ ನಿಜ. ಹಳೆಯ ಕೋಣವನ್ನು ಸಾಯುವವರೆಗೂ ಸಾಕಿ, ಸತ್ತ ಮೇಲೆ ಮನೆಯವರಂತೆಯೇ ಮಣ್ಣು ಮಾಡಿದ ಕುಟುಂಬಗಳು ನನಗೆ ಗೊತ್ತು. ಗದ್ದೆಗೆ ಟಿಲ್ಲರ್ ಬಂದ ಮೇಲೆ ಉಳುವ ಕೋಣ ಮನೆಯಿಂದ ಹೋಯಿತು. ಕಂಬಳವೂ ಇಲ್ಲದಿದ್ದರೆ ಗಂಡು ಕರುವನ್ನು ಯಾರು ಸಾಕುತ್ತಿದ್ದರು ಎಂಬ ಪ್ರಶ್ನೆಯೂ ಹಗುರವಲ್ಲ. ಆದರೆ ಕಾನೂನು ಕೇಳುವುದು ವರ್ಷವಿಡೀ ಹೇಗೆ ಸಾಕಿದಿರಿ ಎಂದಲ್ಲ, ಆ ದಿನ ಏನು ಮಾಡಿದಿರಿ ಎಂದು.

2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಿಸಿ ನಮಗೂ ತಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಮೂಡುಬಿದಿರೆಯ ಬೀದಿಗೆ ಜನ ಕೋಣಗಳ ಸಮೇತ ಇಳಿದರು. ಆಮೇಲೆ ವಿಧಾನಮಂಡಲದಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ, ಸುಗ್ರೀವಾಜ್ಞೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದು ಪಟಾಕಿ ಹೊಡೆದವರಲ್ಲಿ ಎಷ್ಟು ಮಂದಿ ಷರತ್ತನ್ನು ಓದಿದ್ದಾರೋ ಕಾಣೆ. ಪ್ರಾಣಿಗೆ ಅನಗತ್ಯ ನೋವು ಆಗಕೂಡದು ಎಂಬ ಷರತ್ತಿನ ಮೇಲೆಯೇ ಅನುಮತಿ ನಿಂತಿದೆ. ಅದನ್ನು ಮುರಿಯುವ ಒಬ್ಬ ಓಟಗಾರ, ಒಬ್ಬ ಸಂಘಟಕ ಇಡೀ ತುಳುನಾಡಿನ ಕಂಬಳವನ್ನು ಮತ್ತೆ ಕೋರ್ಟಿನ ಮೆಟ್ಟಿಲಿಗೆ ತರಬಲ್ಲ.

5. ದಾಖಲೆ ಬರೆಯುವಾಗ ಕೋಣದ ಹೆಸರೂ ಬರೆಯಿರಿ.

2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಮೂಡುಬಿದಿರೆ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟ್ ಅವರ 9.58 ಹಿಂದೆ ಬಿತ್ತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟರು 9.51 ಎಂದಾಯಿತು. ಲೆಕ್ಕ ಸರಿಯಲ್ಲ, ಎಳೆದುಕೊಂಡು ಹೋಗುವ ಎರಡು ಕೋಣ ಮುಂದಿರುವಾಗ ಮನುಷ್ಯನ ಸಮಯವನ್ನು ಟ್ರ್ಯಾಕಿನ ಸಮಯಕ್ಕೆ ಹೋಲಿಸಲಾಗದು. ಗೌಡರು ಸ್ವತಃ ಈ ಹೋಲಿಕೆಯಿಂದ ಹಿಂದೆ ಸರಿದು, ಗೆಲುವಿನ ಪಾಲನ್ನು ಕೋಣಗಳಿಗೆ ಕೊಟ್ಟರು. ಆ ಸುದ್ದಿ ಓದಿ ಬಂದ ಪ್ರವಾಸಿಗಳು ಮಾತ್ರ ಈಗಲೂ ಕೇಳುವುದು "ಇವತ್ತು ದಾಖಲೆ ಆಗುತ್ತಾ?" ಎಂದೇ. ದಾಖಲೆಯ ಹಸಿವು ಹೆಚ್ಚಿದಷ್ಟೂ ಬೆತ್ತದ ಆಸೆ ಹೆಚ್ಚುತ್ತದೆ.

6. ಆನೆ ತೂಗಾಡಿದರೆ ಅದು ಕುಣಿತವಲ್ಲ.

ಉತ್ಸವಕ್ಕೆ ಬಾಡಿಗೆಗೆ ಬಂದ ಒಂಟಿ ಆನೆ ಒಂದೇ ಜಾಗದಲ್ಲಿ ಮೈಯನ್ನು ಎಡಕ್ಕೆ ಬಲಕ್ಕೆ ತೂಗುತ್ತಿರುತ್ತದೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಚೆಂಡೆಗೆ ತಾಳ ಹಾಕುತ್ತಿದೆ ಎಂದು ದೊಡ್ಡವರು ವಿವರಿಸುತ್ತಾರೆ. ಕಟ್ಟಿಹಾಕಿದ, ಜೊತೆಯಿಲ್ಲದ ಆನೆಯ ಮನಸ್ಸು ಕೆಟ್ಟ ಲಕ್ಷಣ ಅದು. ಆನೆಯ ಇನ್ನೊಂದು ಕಷ್ಟ ಪಾದ. ದಿನಕ್ಕೆ ಹಲವು ಮೈಲಿ ಮಣ್ಣಿನಲ್ಲಿ ನಡೆಯಲು ಆದ ಪಾದ ಸಿಮೆಂಟಿನ ಮೇಲೆ, ಮೂತ್ರದ ತೇವದಲ್ಲಿ ನಿಂತರೆ ಉಗುರು ಸೀಳುತ್ತದೆ, ಅಂಗಾಲು ಕೊಳೆಯುತ್ತದೆ. ಸಾಕಿದ ಆನೆಗಳನ್ನು ಮಲಗಿಸಿಬಿಡುವ ಕಾಯಿಲೆಗಳಲ್ಲಿ ಇದಕ್ಕೆ ದೊಡ್ಡ ಸ್ಥಾನ. ಮನುಷ್ಯರ ಕ್ಷಯ ಆನೆಗೂ ಅಂಟುತ್ತದೆ ಎಂಬುದು ಸೊಂಡಿಲಿನಿಂದ ಆಶೀರ್ವಾದ ಪಡೆಯುವ ಸಾಲಿನಲ್ಲಿ ನಿಂತವರಿಗೆ ತಿಳಿದಿರುವುದಿಲ್ಲ.

ಜೊತೆ ಎಂಬುದು ಆನೆಗೆ ಮೇವಿನಷ್ಟೇ ಮುಖ್ಯ. ಧರ್ಮಸ್ಥಳದಲ್ಲಿ 2020ರಲ್ಲಿ ಲಕ್ಷ್ಮೀ ಎಂಬ ಆನೆ ಮರಿ ಹಾಕಿತು, ಶಿವಾನಿ ಎಂದು ಹೆಸರಿಟ್ಟರು. ಸಾಕಾನೆಗಳಲ್ಲಿ ಹೀಗೆ ಮರಿ ಹುಟ್ಟಿ ತಾಯಿಯ ಜೊತೆಗೇ ಬೆಳೆಯುವ ಭಾಗ್ಯ ಸುಲಭವಾಗಿ ಸಿಗುವುದಲ್ಲ. ಲಾರಿಯಲ್ಲಿ ಊರೂರು ಸುತ್ತುವ ಒಂಟಿ ಆನೆಯನ್ನು ಇದರ ಪಕ್ಕ ಇಟ್ಟು ನೋಡಿ. ಉತ್ಸವ ಸಮಿತಿಯಲ್ಲಿ ನಿಮ್ಮ ಮಾತು ನಡೆಯುವುದಾದರೆ, ಆ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ. ಆನೆ ಇಲ್ಲದ ಮೆರವಣಿಗೆಗೆ ದೇವರು ಬರುವುದಿಲ್ಲ ಎಂದು ಯಾವ ತಂತ್ರಿಯೂ ಹೇಳಿದ್ದನ್ನು ನಾನು ಕೇಳಿಲ್ಲ.

7. ಕಾರಿಂಜದ ಅನ್ನ ಬೇರೆ, ಚಿಪ್ಸ್ ಪೊಟ್ಟಣ ಬೇರೆ.

ವಗ್ಗದ ಹತ್ತಿರದ ಕಾರಿಂಜ ಬೆಟ್ಟದಲ್ಲಿ ಮಧ್ಯಾಹ್ನ ಪೂಜೆಯ ನೈವೇದ್ಯದ ಅನ್ನವನ್ನು ಮಂಗಗಳಿಗೆ ಹಾಕುವ ಕ್ರಮ ಹಿಂದಿನಿಂದಲೂ ಇದೆ. ಹಿಂಡಿನ ಯಜಮಾನ 'ಕಾರಿಂಜ ದಡ್ಡ'. ಒಂದು ಹೊತ್ತು, ಒಂದು ಜಾಗ, ಒಂದು ಬಗೆಯ ಆಹಾರ. ಉಳಿದ ಹೊತ್ತಿಗೆ ಕಾಡು ಉಂಟು. ಮಿತಿಯಿರುವ ಪದ್ಧತಿ ಅದು. ಕೆಟ್ಟದ್ದು ಶುರುವಾಗುವುದು ಪ್ರತಿಯೊಬ್ಬ ಪ್ರವಾಸಿಯೂ ತಾನೊಬ್ಬ ಅರ್ಚಕನೆಂದು ಭಾವಿಸಿ ದಿನವಿಡೀ ಬಿಸ್ಕತ್ತು, ಕುರುಕಲು ಹಂಚಿದಾಗ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾರಿನ ಕಿಟಕಿ ಕಾಯುತ್ತ ಕೂರುವ ಹಿಂಡುಗಳನ್ನು ನೋಡಿದರೆ ಸಾಕು. ರಸ್ತೆಗಿಳಿದ ಮಂಗ ಚಕ್ರಕ್ಕೆ ಸಿಗುತ್ತದೆ, ಕೈಯಿಂದ ಕಸಿದು ಕಲಿತದ್ದು ಕಚ್ಚುತ್ತದೆ, ಕಚ್ಚಿದ್ದಕ್ಕೆ ಹಿಡಿಸಿ ಬೇರೆ ಕಾಡಿಗೆ ಬಿಡಿ ಎಂಬ ಅರ್ಜಿ ಹುಟ್ಟುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಾಡಂಚು ಮಂಗನ ಕಾಯಿಲೆ ಕಂಡ ನೆಲ. ಕಾಡುಪ್ರಾಣಿಗೂ ಮನುಷ್ಯನಿಗೂ ನಡುವೆ ಸ್ವಲ್ಪ ದೂರ ಇರಲಿ ಎಂದು ಇಲ್ಲಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

8. ಕೆಲವಕ್ಕೆ ಸುಧಾರಣೆ ಇಲ್ಲ.

ಕೋಳಿ ಅಂಕ ಅಂಥದು. ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸುವುದನ್ನು "ಮಾನವೀಯವಾಗಿ" ನಡೆಸುವ ದಾರಿ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಆದರೆ ಆ ಕಾಯ್ದೆಯಡಿ ಮೊದಲ ಸಲದ ದಂಡ ಹೆಚ್ಚೆಂದರೆ 50 ರೂಪಾಯಿ. ಕೋಳಿಯ ಮೇಲೆ ಕಟ್ಟುವ ಪಂದ್ಯದ ಹಣ ಎಷ್ಟೆಂದು ಊರಿಗೆಲ್ಲ ಗೊತ್ತು. ಕಾಳಿಂಗ ಸರ್ಪವನ್ನು ಹಿಡಿದು, ಚೀಲಕ್ಕೆ ಹಾಕುವ ಮೊದಲು ಕ್ಯಾಮೆರಾದ ಮುಂದೆ ಅರ್ಧ ಗಂಟೆ ಹೆಡೆ ಎತ್ತಿಸುವುದೂ ಇದೇ ಪಟ್ಟಿಯಲ್ಲಿದೆ. ಹಾವನ್ನು ಉಳಿಸುವವನಿಗೆ ಪ್ರೇಕ್ಷಕರು ಬೇಡ.

9. ಪ್ರೇಕ್ಷಕರು ಹೆಚ್ಚಿದಷ್ಟೂ ಪ್ರಾಣಿಯ ದಿನ ಉದ್ದವಾಗುತ್ತದೆ.

2023ರ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆಯಿತು. ಕೋಣಗಳು ಘಟ್ಟ ಹತ್ತಿ ಸುಮಾರು 350 ಕಿಲೋಮೀಟರ್ ಲಾರಿಯಲ್ಲಿ ಹೋದವು. ಲಕ್ಷಗಟ್ಟಲೆ ಜನ ನೋಡಿದರು, ತುಳುನಾಡಿಗೆ ಹೆಸರು ಬಂತು, ನಮ್ಮವರ ಎದೆ ಉಬ್ಬಿತು. ಪಶುವೈದ್ಯನಾಗಿ ನನಗೆ ಅದು ಹಿಡಿಸಲಿಲ್ಲ. ಹನ್ನೆರಡು ಸೆಕೆಂಡಿನ ಓಟಕ್ಕೆ ಹೋಗಿ ಬರುವ 700 ಕಿಲೋಮೀಟರ್ ತೂಗುವುದಿಲ್ಲ. ನೋಡಬೇಕೆನ್ನುವವರಿಗೆ ರೈಲು ಉಂಟು, ಬಸ್ಸು ಉಂಟು; ಅವರು ವೇಣೂರಿಗೆ ಬರಲಿ.

ಕಂಬಳ ನಿಲ್ಲಿಸಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಕಂಬಳ ಇರಲಿ, ಊರಿನಲ್ಲೇ ಇರಲಿ, ಹಗಲಿನಲ್ಲೇ ಮುಗಿಯಲಿ. ಎಷ್ಟು ಜೋಡಿ ಬಂದವು ಎಂದು ಫ್ಲೆಕ್ಸಿನಲ್ಲಿ ಹಾಕಿ ಬೀಗುವ ಪೈಪೋಟಿ ಬಿಟ್ಟರೆ ಅದು ಕಷ್ಟವೇನಲ್ಲ. ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಋತುವಿನ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಜೋಡಿಗಳ ಸಂಖ್ಯೆಗೆ ಒಂದು ಮಿತಿ ಹಾಕಿ, ಪ್ರತಿ ಜೋಡಿ ಯಾವ ಹೊತ್ತಿಗೆ ಓಡುತ್ತದೆಂದು ಯಜಮಾನರಿಗೆ ಮೊದಲೇ ತಿಳಿಸಿ, ನೆರಳಿನ ಚಪ್ಪರ ಮತ್ತು ನೀರಿನ ಖರ್ಚನ್ನು ವೇದಿಕೆಯ ಖರ್ಚಿಗಿಂತ ಮೊದಲು ಬರೆಯಿರಿ.