ನಡೆದರೆ ನೋವು, ನಿಂತರೆ ಆರಾಮ

"ಸಿಸ್ಟರ್, ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಬರೋದ್ರಾಗ ಮೂರು ಸಲ ನಿಂತೆ. ವಯಸ್ಸಾತಲ್ಲ!" ಹಿರಿಯರ ಈ ಮಾತನ್ನು ನಾವು ಆಗಾಗ ಕೇಳುತ್ತೇವೆ. ನಡೆಯುವಾಗ ಮೀನಖಂಡ ಹಿಡಿದುಕೊಂಡು, ಸ್ವಲ್ಪ ಹೊತ್ತು ನಿಂತರೆ ಬಿಟ್ಟು, ಮತ್ತೆ ಅಷ್ಟೇ ದೂರ ನಡೆದಾಗ ಹಿಡಿದುಕೊಂಡರೆ ಅದನ್ನು ವಯಸ್ಸು, ವಾಯು ಎಂದು ಬಿಡಬೇಡಿ. ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿರಬಹುದು. ಏರುವಾಗ ಸ್ನಾಯುವಿಗೆ ಹೆಚ್ಚು ರಕ್ತ ಬೇಕು. ಆದ್ದರಿಂದ ಜೋಯಿಡಾ ಕಡೆಯ ಏರುದಾರಿಯಲ್ಲಿ ನೋವು ಇನ್ನೂ ಬೇಗ ಬರುತ್ತದೆ.

ನಾಳದ ಒಳಗೋಡೆಗೆ ಕೊಬ್ಬು ಕೂಡಿ ಹೀಗಾಗುತ್ತದೆ. ಬೀಡಿ, ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಮುಖ್ಯ ಕಾರಣಗಳು, ಬಿ.ಪಿ., ಕೊಲೆಸ್ಟ್ರಾಲ್ ಕೂಡ. ಇವರಿಗೆ ಹೃದಯಾಘಾತ, ಲಕ್ವದ ಭಯವೂ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಪಾದ ಜೋಮು ಹಿಡಿದು ನೋವೇ ತಿಳಿಯದೆ, ಮಾಯದ ಗಾಯವೇ ಮೊದಲ ಲಕ್ಷಣವಾಗಬಹುದು.

ಪರೀಕ್ಷೆ ಸುಲಭ. ಪಾದದ ನಾಡಿ ನೋಡಿ, ತೋಳು ಮತ್ತು ಕಣಕಾಲಿನ ಬಿ.ಪಿ. ಹೋಲಿಸುತ್ತಾರೆ. ಕಣಕಾಲಿನದು ತೋಳಿನದರ 0.9 ಪಾಲು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಎಂದರ್ಥ.

ಬೀಡಿ ಪೂರ್ತಿ ಬಿಡಬೇಕು. "ದಿನಕ್ಕೆ ಎರಡೇ" ಎಂಬ ಲೆಕ್ಕ ಇಲ್ಲಿ ನಡೆಯದು. ಎರಡನೆಯ ಔಷಧ ನಡಿಗೆಯೇ. ಕೇಳಿದವರು ನಗುತ್ತಾರೆ, ನಡೆದರೆ ತಾನೇ ನೋವು! ಆದರೆ ನೋವು ಜೋರಾಗುವವರೆಗೆ ನಡೆದು, ನಿಂತು, ನೋವು ಹೋದ ಮೇಲೆ ಮತ್ತೆ ನಡೆಯಿರಿ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು ಮಾಡಿದರೆ ನಡೆಯುವ ದೂರ ಹೆಚ್ಚುತ್ತದೆ. ಪಾದದಲ್ಲಿ ಗಾಯವಿದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬಾರದು. ರಕ್ತ ಹೆಪ್ಪುಗಟ್ಟದಂತೆ, ಕೊಬ್ಬು ಇಳಿಯುವಂತೆ ಕೊಟ್ಟ ಮಾತ್ರೆಗಳನ್ನು ಆರಾಮಾಯಿತೆಂದು ನಿಲ್ಲಿಸಬೇಡಿ. ಬಲೂನ್ ಅಥವಾ ಬೈಪಾಸ್ ಎಲ್ಲರಿಗೂ ಬೇಕಾಗುವುದಿಲ್ಲ.

ಜೊತೆಗೆ ಬಂದವರಿಗೆ ಒಂದು ಮಾತು. ಪಾದ ತಣ್ಣಗಿದೆ ಎಂದು ಬಿಸಿನೀರಿನ ಚೀಲ ಇಡಬೇಡಿ, ಒಲೆಯ ಮುಂದೆ ಕಾಲು ಕಾಯಿಸಬೇಡಿ. ರಕ್ತವಿಲ್ಲದ ಚರ್ಮ ಬೇಗ ಸುಡುತ್ತದೆ, ಸುಟ್ಟದ್ದು ಮಾಯುವುದಿಲ್ಲ. ಪ್ರೀತಿಯಿಂದ ಮಾಡಿದ ಕಾವಿನಿಂದಲೇ ಬೆರಳು ಹೋಗಬಹುದು. ಕಾಲುಚೀಲ ಹಾಕಿ, ಸಾಕು. ಬರಿಗಾಲಲ್ಲಿ ಗದ್ದೆಗೆ ಕಳಿಸಬೇಡಿ.

ರಾತ್ರಿ ಮಲಗಿದಾಗ ಪಾದ ನೋಯ್ದು, ಮಂಚದಿಂದ ಕಾಲು ಇಳಿಬಿಟ್ಟರೆ ಹಿತವೆನಿಸಿದರೆ, ಅಥವಾ ಬೆರಳು ಕಪ್ಪಾದರೆ ಮುಂದಿನ ಸಂತೆಯ ದಿನ ಬರೋಣವೆಂದು ಕಾಯದೆ ಬನ್ನಿ. ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿ, ಸ್ಪರ್ಶ ತಪ್ಪಿದರೆ ತಿಕ್ಕುತ್ತ ಕೂಡಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಕಾಲು ಉಳಿಸಲು ಸಿಗುವುದು ಸುಮಾರು 6 ಗಂಟೆ. ಹುಬ್ಬಳ್ಳಿ ಅಥವಾ ಬೆಳಗಾವಿಯ ದೊಡ್ಡ ಆಸ್ಪತ್ರೆ ಮುಟ್ಟುವ ದಾರಿಯ ಹೊತ್ತೂ ಅದರಲ್ಲೇ ಸೇರಿದೆ.