ಗಣಕಯಂತ್ರದೊಳಗಿನ ಬಿರುಗಾಳಿ

ಸಿನೇಮಾಗಳಲ್ಲಿ ಸುಂಟರಗಾಳಿ ಮನೆಮಾರುಗಳನ್ನು ಎತ್ತಿ ಒಗೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅವುಗಳಲ್ಲಿ ಎಷ್ಟೋ ಗಾಳಿಗಳು ಎಲ್ಲಿಯೂ ಬೀಸಿದವಲ್ಲ. ಗಣಕಯಂತ್ರದಲ್ಲಿ ಲೆಕ್ಕ ಹಾಕಿ ಮೂಡಿಸಿದವು. ಅದು ಹೇಗೆಂಬುದನ್ನು ತಿಳಿಯೋಣ.

ಮೊದಲು ನಮ್ಮ ಉಮದಿಯ ಬೇಸಿಗೆಯನ್ನೇ ನೋಡೋಣ. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು, ಹಗುರಾಗಿ ಮೇಲೇರುತ್ತದೆ. ಏರಿದಂತೆ ತಣಿಯುತ್ತದೆ, ಅದರೊಳಗಿನ ಆವಿ ಹನಿಗಟ್ಟಿ ಮೋಡವಾಗುತ್ತದೆ. ಆವಿ ಹನಿಯಾಗುವಾಗ ಶಾಖವನ್ನು ಹೊರಬಿಡುತ್ತದೆ. ಆ ಶಾಖದಿಂದ ಗಾಳಿ ಇನ್ನೂ ರಭಸವಾಗಿ ಏರುತ್ತದೆ. ಬಹಳ ಎತ್ತರದಲ್ಲಿ ಹನಿಗಳು ಹೆಪ್ಪುಗಟ್ಟಿ ಬೆಳೆದರೆ ಆಲಿಕಲ್ಲು. ಅಡ್ಡಮಳೆ ಹುಟ್ಟುವುದು ಹೀಗೆ.

ಇದನ್ನೇ ಗಣಕಯಂತ್ರಕ್ಕೆ ಕಲಿಸಲು ಆಕಾಶವನ್ನು ಪೆಟ್ಟಿಗೆಗಳಾಗಿ ಭಾಗಿಸಿಕೊಳ್ಳುತ್ತಾರೆ. ಒಂದೊಂದು ಪೆಟ್ಟಿಗೆಗೂ ಉಷ್ಣತೆ, ಒತ್ತಡ, ತೇವ, ಗಾಳಿಯ ವೇಗ ಇವುಗಳ ಅಂಕಿಗಳು. ನೆರೆಯ ಪೆಟ್ಟಿಗೆಗಳಿಂದ ಏನು ಬಂತು, ಅವುಗಳಿಗೆ ಏನು ಹೋಯಿತು ಎಂದು ಭೌತಶಾಸ್ತ್ರದ ನಿಯಮದಂತೆ ಲೆಕ್ಕ ಮಾಡಿದರೆ ಕೆಲವು ಕ್ಷಣಗಳ ನಂತರದ ಅಂಕಿಗಳು ದೊರೆಯುತ್ತವೆ. ಮತ್ತೆ ಅವುಗಳಿಂದ ಮುಂದಿನವು. ಅಂಕಿಗಳಿಗೆ ಬಣ್ಣ-ಬೆಳಕು ಕೊಟ್ಟರೆ ಚಿತ್ರ. ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರೆ ಬಿರುಗಾಳಿ!

ಇಂಗ್ಲಂಡಿನ ರಿಚರ್ಡಸನ್ ಎಂಬ ವಿಜ್ಞಾನಿ ಈ ಲೆಕ್ಕವನ್ನು ಕೈಯಿಂದಲೇ ಮಾಡಿ 1922ರಲ್ಲಿ ಪ್ರಕಟಿಸಿದನು. ಉತ್ತರ ತಪ್ಪಿತು, ಆದರೆ ದಾರಿ ಸರಿಯಿತ್ತು. ಇಡೀ ಭೂಮಿಯ ಹವೆಯನ್ನು ಹೀಗೆ ಲೆಕ್ಕಿಸಲು 64,000 ಜನ ಬೇಕೆಂದು ಆತ ಅಂದಾಜಿಸಿದ್ದನು. ಆ ಕೆಲಸವನ್ನು ಮುಂದೆ ಗಣಕಯಂತ್ರ ಹೊತ್ತುಕೊಂಡಿತು. 1989ರಲ್ಲಿ ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೇಂದ್ರವೊಂದು ಹೀಗೆ ಲೆಕ್ಕಿಸಿದ ಬಿರುಮಳೆಯನ್ನು ಚಲಿಸುವ ಚಿತ್ರವಾಗಿ ತೋರಿಸಿತು.

ನಮ್ಮ ರಾಜ್ಯದ ಪುಣೆಯಲ್ಲಿಯೂ ಇಂಥ ಕೆಲಸ ನಡೆದಿದೆ. ಅಲ್ಲಿಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2024ರಲ್ಲಿ 'ಅರ್ಕ' ಎಂಬ ಮಹಾಗಣಕ ಆರಂಭವಾಯಿತು. 2025ರ ಮೇ ತಿಂಗಳಲ್ಲಿ ಬಂದ 'ಭಾರತ ಮುನ್ಸೂಚನಾ ವ್ಯವಸ್ಥೆ'ಯ ಪೆಟ್ಟಿಗೆಯ ಅಗಲ ಸುಮಾರು 6 ಕಿಲೋಮೀಟರ್. ಮೊದಲು 12 ಇತ್ತು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಸಿನೇಮಾದವರಿಗೆ ಕಣ್ಣು ನಂಬಿದರೆ ಸಾಕು. ದ್ರಾಕ್ಷಿ ಬೆಳೆಗಾರನಿಗೆ ಅಷ್ಟು ಸಾಲದು. ಒಬ್ಬರ ತೋಟಕ್ಕೆ ಬಿದ್ದ ಆಲಿಕಲ್ಲು ಪಕ್ಕದವರ ತೋಟಕ್ಕೆ ಬೀಳದಿರುವುದುಂಟು; 6 ಕಿಲೋಮೀಟರಿನ ಪೆಟ್ಟಿಗೆಯಲ್ಲಿ ಅಂಥ ತೋಟಗಳು ನೂರಾರು ಹಿಡಿಸುತ್ತವೆ. ಒಂದೇ ಸಂಜೆಯ ಕಲ್ಲುಮಳೆಗೆ ವರ್ಷದ ದುಡಿಮೆ ಮಣ್ಣುಪಾಲಾಗುವ ನಾಡು ನಮ್ಮದು. ಆದ್ದರಿಂದ ಫೋನಿನಲ್ಲಿ ಬಂದ ಬಿರುಗಾಳಿಯ ಚಿತ್ರವನ್ನು ಕಂಡೊಡನೆ ಅಂಜದೆ, ಎಲ್ಲಿಯದು, ಯಾವ ದಿನದ್ದು, ಯಾರು ತಿಳಿಸಿದ್ದು ಎಂದು ಪಾಲಕರೂ ಮಕ್ಕಳೂ ವಿಚಾರಿಸಬೇಕು.

ಆ ಪೆಟ್ಟಿಗೆಗಳನ್ನು ನಮ್ಮ ಹೊಲದಷ್ಟು ಸಣ್ಣದು ಮಾಡುವ ಕೆಲಸ ಇನ್ನೂ ಉಳಿದಿದೆ. ಗಣಿತವೆಂದರೆ ದೂರ ಓಡುವ ವಿದ್ಯಾರ್ಥಿಗಳು ಇದನ್ನು ನೆನಪಿಡಲಿ. ಆ ಲೆಕ್ಕ ಬಿಡಿಸುವವರು ನಮ್ಮ ವರ್ಗಕೋಣೆಗಳಿಂದಲೂ ಹೊರಡಬಹುದು.