ಮಾಯದ ಹುಣ್ಣು, ಬಿಡದ ಕೆಮ್ಮು: ನೊಕಾರ್ಡಿಯ ಸೋಂಕಿನ ವಿಚಾರ



ಗಿಡಗಳ ರೋಗದ ವಿಚಾರ ಈ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಈ ಸಲ, ತೋಟದ ಮಣ್ಣಿನಿಂದ ತೋಟದಲ್ಲಿ ದುಡಿಯುವವರಿಗೇ ಅಂಟುವ ಒಂದು ರೋಗವನ್ನು ಕುರಿತು ಬರೆಯಬೇಕಾಗಿದೆ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ತೋಟಕ್ಕೆ ಇಳಿದವರು. ನಮ್ಮ ತೋಟದ ಕೆಲಸಗಾರರೊಬ್ಬರನ್ನು ಕರೆದುಕೊಂಡು ಮೈಸೂರಿನಲ್ಲಿ ಅಲೆದಾಗ ವೈದ್ಯರನ್ನು ಕೇಳಿ, ಆಮೇಲೆ ಓದಿ, ತಿಳಿದುಕೊಂಡದ್ದು ಇದು.

ಕಳೆ ತೆಗೆಯುವಾಗ ಅವರ ಬಲಗಾಲಿಗೆ ಮುಳ್ಳು ಚುಚ್ಚಿತ್ತು. ಮುಳ್ಳನ್ನೇನೋ ಕಿತ್ತರು. ತಿಂಗಳುಗಳ ಮೇಲೆ ಅಲ್ಲೊಂದು ಗಂಟು ಎದ್ದಿತು. ಒಡೆಯಿತು, ಕೀವು ಸೋರಿತು, ಪಕ್ಕದಲ್ಲಿ ಇನ್ನೊಂದು ಬಾಯಿ ಬಿಟ್ಟಿತು. ನೋವು ಅಷ್ಟಾಗಿ ಇರಲಿಲ್ಲ. ನೋವಿಲ್ಲದ ಹುಣ್ಣನ್ನು ಅವರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾವೂ ಹಿಡಿಯಲಿಲ್ಲ. ಒಂದು ಕಡೆ ಮುಲಾಮು ಕೊಟ್ಟರು, ಇನ್ನೊಂದು ಕಡೆ ಶಿಲೀಂಧ್ರವೆಂದು ಮಾತ್ರೆ ಕೊಟ್ಟರು. ಹೀಗೆ ಎರಡು ವರ್ಷ ಕಳೆಯಿತು. ಕೊನೆಗೆ ಗಾಯದ ಆಳದಿಂದ ಮಾಂಸದ ಚೂರು ತೆಗೆದು ಪರೀಕ್ಷಿಸಿದಾಗ ನೊಕಾರ್ಡಿಯ ಎಂದು ಗೊತ್ತಾಯಿತು.

1888ರಲ್ಲಿ ಫ್ರಾನ್ಸಿನ ಪಶುವೈದ್ಯ ಎಡ್ಮಂಡ್ ನೊಕಾರ್ ಅವರು ದನಗಳ ರೋಗವೊಂದರಲ್ಲಿ ಈ ಜೀವಿಯನ್ನು ಕಂಡರು. ಹೆಸರು ಅವರಿಂದ ಬಂದದ್ದು. ಸೂಕ್ಷ್ಮದರ್ಶಕದಲ್ಲಿ ಇದು ಶಿಲೀಂಧ್ರದ ಹಾಗೆ ಕವಲೊಡೆದ ಎಳೆಗಳಾಗಿ ಕಾಣುತ್ತದೆ. ಆದರೆ ಇದು ಬ್ಯಾಕ್ಟೀರಿಯ. ನಮ್ಮ ಅಡಿಕೆಯ ಕೊಳೆರೋಗದ ಜೀವಿಯೂ ಹೀಗೆಯೇ ಬಹುಕಾಲ ಶಿಲೀಂಧ್ರಗಳ ಪಟ್ಟಿಯಲ್ಲಿದ್ದು, ಈಗ ಬೇರೆ ಕುಲಕ್ಕೆ ಸೇರಿದೆ. ತೋಟದಲ್ಲಿ ಆ ಕುಲಗೋತ್ರದಿಂದ ನಮಗೆ ದೊಡ್ಡ ವ್ಯತ್ಯಾಸವಾಗಲಿಲ್ಲ, ಬೋರ್ಡೋ ದ್ರಾವಣ ಆಗಲೂ ಹೊಡೆದೆವು, ಈಗಲೂ ಹೊಡೆಯುತ್ತೇವೆ. ಮನುಷ್ಯನ ಕಾಲಿನಲ್ಲಿ ಹಾಗಲ್ಲ. ಶಿಲೀಂಧ್ರದ ಮಾತ್ರೆಗೆ ನೊಕಾರ್ಡಿಯ ಜಗ್ಗುವುದಿಲ್ಲ.

ಪಾದ ಹೀಗೆ ಊದಿ ತೂತುತೂತಾಗುವ ರೋಗಕ್ಕೆ ಮದುರಾ ಪಾದ ಎಂದು ಹೆಸರು. 1842ರಲ್ಲಿ ಮಧುರೆಯಲ್ಲಿ ಗಿಲ್ ಎಂಬ ವೈದ್ಯರು ವರ್ಣಿಸಿದ್ದರಿಂದ ಊರಿನ ಹೆಸರು ಅಂಟಿಕೊಂಡಿತು. ಇದನ್ನು ತರುವ ಜೀವಿಗಳು ಹಲವು: ಕೆಲವು ಶಿಲೀಂಧ್ರಗಳು, ಕೆಲವು ನೊಕಾರ್ಡಿಯ ಮತ್ತು ಅದರ ಬಳಗದವು. ಕೀವಿನ ಜೊತೆ ರವೆಯಂಥ ಸಣ್ಣ ಕಾಳುಗಳು ಬೀಳುತ್ತವೆ. ಅವು ಕಪ್ಪಗಿದ್ದರೆ ಶಿಲೀಂಧ್ರ. ಬೆಳ್ಳಗೆ ಅಥವಾ ತುಸು ಹಳದಿಯಾಗಿದ್ದರೆ ಎರಡರಲ್ಲಿ ಯಾವುದೂ ಇರಬಹುದು, ಪರೀಕ್ಷೆಯೇ ಹೇಳಬೇಕು. ಗಾಯ ಕಟ್ಟಿದ ಬಟ್ಟೆಯಲ್ಲಿ ಇಂಥ ಕಾಳು ಕಂಡರೆ ಎಸೆಯಬೇಡಿ, ವೈದ್ಯರಿಗೆ ತೋರಿಸಿ.

ಪರೀಕ್ಷೆಯಲ್ಲಿ ಎಡವುವುದು ಸುಲಭ. ಈ ಜೀವಿ ನಿಧಾನವಾಗಿ ಬೆಳೆಯುತ್ತದೆ. ಮಾಮೂಲು ಕೀವಿನ ಪರೀಕ್ಷೆಯಲ್ಲಿ ಎರಡು ಮೂರು ದಿನ ನೋಡಿ ಏನೂ ಬೆಳೆದಿಲ್ಲವೆಂದು ಬರೆದುಬಿಟ್ಟರೆ ಮುಗಿಯಿತು. ಎರಡು ಮೂರು ವಾರ ಇಟ್ಟು ನೋಡಬೇಕಾಗುತ್ತದೆ, ಹಾಗೆ ಇಡಿರೆಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕಾಗುತ್ತದೆ. ಅದು ವೈದ್ಯರ ಕೆಲಸ. ಆದರೆ ರೋಗಿ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವವನು, ಮುಳ್ಳು ಚುಚ್ಚಿತ್ತು ಎಂಬುದನ್ನು ನಾವು ಹೇಳದಿದ್ದರೆ ಅವರಿಗೆ ಆ ಅನುಮಾನ ಬರುವುದು ಹೇಗೆ? ನಮ್ಮ ಕೆ.ಆರ್. ಆಸ್ಪತ್ರೆಯಂತೆ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸೂಕ್ಷ್ಮಜೀವಿ ವಿಭಾಗವಿರುತ್ತದೆ. ಮೂಲೆಯ ಲ್ಯಾಬಿಗೆ ಪದೇಪದೇ ದುಡ್ಡು ಸುರಿಯುವುದಕ್ಕಿಂತ ಅಲ್ಲಿಗೆ ಹೋಗುವುದು ಮೇಲು.

ಇನ್ನು ಕೆಮ್ಮು. ಧೂಳಿನೊಡನೆ ಉಸಿರಿನಲ್ಲಿ ಒಳಹೋದ ನೊಕಾರ್ಡಿಯ ಶ್ವಾಸಕೋಶಕ್ಕೂ ಇಳಿಯಬಹುದು. ಗಟ್ಟಿಮುಟ್ಟಾದವರಿಗೆ ಇದು ಅಪರೂಪ. ಸ್ಟಿರಾಯ್ಡ್ ಮಾತ್ರೆಯನ್ನು ಬಹುಕಾಲ ನುಂಗುವವರು, ಮೂತ್ರಪಿಂಡ ಬದಲಿಸಿಕೊಂಡವರು, ಎಚ್.ಐ.ವಿ. ಸೋಂಕಿತರು, ಶ್ವಾಸಕೋಶ ಮೊದಲೇ ಕೆಟ್ಟವರು, ಇಂಥವರಲ್ಲಿ ಹೆಚ್ಚು. ಜ್ವರ, ಕೆಮ್ಮು, ತೂಕ ಇಳಿಯುವುದು, ಎಲ್ಲವೂ ಕ್ಷಯದ ಹಾಗೆಯೇ. ಮೈಸೂರಿನವರಿಗೆ ಕ್ಷಯ ಹೊಸದಲ್ಲ; ಆ ರೋಗಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ 1921ರಿಂದ ಇಲ್ಲಿದೆ. ಕ್ಷಯದ ಕ್ರಿಮಿಗೆ ಹಚ್ಚುವ ಬಣ್ಣ ನೊಕಾರ್ಡಿಯಕ್ಕೂ ಅರೆಬರೆ ಹಿಡಿಯುತ್ತದೆ, ಅದರಿಂದ ಗೊಂದಲ. ಆಮ್ಲವನ್ನು ತೆಳುಮಾಡಿ ಬಳಸುವ ಬೇರೆ ಕ್ರಮದಲ್ಲಿ ಕವಲೊಡೆದ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಕ್ಷಯದ ಮಾತ್ರೆ ತೆಗೆದುಕೊಂಡರೂ ಕೆಮ್ಮು ಇಳಿಯದಿದ್ದರೆ ಮಾತ್ರೆಯನ್ನು ತಾನಾಗಿ ಬಿಡಬಾರದು. ಕಫವನ್ನು ಇನ್ನೊಮ್ಮೆ, ನೊಕಾರ್ಡಿಯಕ್ಕಾಗಿ, ನೋಡಿಸಬಹುದೇ ಎಂದು ಕೇಳಬೇಕು. ಶ್ವಾಸಕೋಶದಿಂದ ಇದು ಮೆದುಳಿಗೆ ಹರಡುವುದುಂಟು. ಆದ್ದರಿಂದಲೇ ವೈದ್ಯರು ತಲೆಯ ಸ್ಕ್ಯಾನ್ ಬರೆದುಕೊಡುತ್ತಾರೆ. ಕೆಮ್ಮಿಗೆ ತಲೆಯ ಸ್ಕ್ಯಾನ್ ಏಕೆಂದು ಜಗಳ ತೆಗೆಯಬೇಡಿ.

ಸಮಾಧಾನದ ಸಂಗತಿ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಲೈನ್ ಮನೆಯಲ್ಲಿ ರೋಗಿಯನ್ನು ದೂರ ಇಡುವ ಕಾರಣವೇ ಇಲ್ಲ.

ಮುಖ್ಯ ಔಷಧ ಕೋಟ್ರೈಮಾಕ್ಸಜೋಲ್ ಎಂಬ ಹಳೆಯ ಸಲ್ಫಾ ಮಾತ್ರೆ. ದುಬಾರಿಯಲ್ಲ. ರೋಗ ಆಳಕ್ಕಿಳಿದಿದ್ದರೆ ಅಮಿಕಾಸಿನ್ ಮುಂತಾದ ಚುಚ್ಚುಮದ್ದೂ ಸೇರುತ್ತದೆ. ನೊಕಾರ್ಡಿಯದ ಕೆಲವು ಜಾತಿಗಳಿಗೆ ಕೆಲವು ಔಷಧ ನಾಟುವುದಿಲ್ಲವಾದ್ದರಿಂದ ಬೆಳೆಸಿದ ಕ್ರಿಮಿಯ ಮೇಲೆ ಔಷಧವನ್ನು ಪರೀಕ್ಷಿಸಿ ನೋಡುತ್ತಾರೆ. ಚರ್ಮಕ್ಕಷ್ಟೇ ತಗುಲಿದ್ದರೆ ಒಂದರಿಂದ ಮೂರು ತಿಂಗಳು. ಪಾದ ಅಥವಾ ಶ್ವಾಸಕೋಶವಾದರೆ 6ರಿಂದ 12 ತಿಂಗಳು. ಮೆದುಳಿಗೆ ಹೋಗಿದ್ದರೆ ವರ್ಷಕ್ಕೆ ಕಡಮೆಯಿಲ್ಲ. ನಡುನಡುವೆ ರಕ್ತಪರೀಕ್ಷೆ ಮಾಡಿಸಬೇಕು. ಮೈಮೇಲೆ ಗಂಧೆ ಎದ್ದರೆ, ಅಥವಾ ಚುಚ್ಚುಮದ್ದಿನಿಂದ ಕಿವಿ ಮಂದವಾದರೆ ಕೂಡಲೇ ತಿಳಿಸಬೇಕು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಮೂರು ತಿಂಗಳಿಗೆ ಅವರ ಗಾಯ ಒಣಗಿತು, ಊತ ಇಳಿಯಿತು. ಹಣ್ಣು ಕೊಯ್ಲಿನ ಕಾಲ, ಆಳಿನ ಅಭಾವ ಎಲ್ಲರಿಗೂ ಗೊತ್ತಿರುವುದೇ. ಅವರು ಕೆಲಸಕ್ಕೆ ಬಂದರು, ನಾವು ಬೇಡವೆನ್ನಲಿಲ್ಲ. ಮಾತ್ರೆ ಮುಗಿದಿದೆಯೇ ಎಂದೂ ಕೇಳಲಿಲ್ಲ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆಂದು ಅವರು ಮಾತ್ರೆ ನಿಲ್ಲಿಸಿದ್ದರು. ಮಳೆ ಹಿಡಿಯುವ ಹೊತ್ತಿಗೆ ಹುಣ್ಣು ಮತ್ತೆ ಬಾಯಿ ಬಿಟ್ಟಿತ್ತು. ಈ ಸಲದ ಎಕ್ಸ್‌ರೇಯಲ್ಲಿ ಮೂಳೆ ತಿಂದಿರುವುದು ಕಂಡಿತು.

ಈಗ ಔಷಧ ಮೊದಲಿಂದ ಶುರುವಾಗಿ ಎಂಟು ತಿಂಗಳು. ಆಸ್ಪತ್ರೆಯ ದಿನಕ್ಕೂ ಕೂಲಿ ಬರೆಯುತ್ತಿದ್ದೇವೆ. ಗಮ್‌ಬೂಟು ತಂದಿಟ್ಟಿದ್ದೇವೆ, ಜಾರುತ್ತದೆಂದು ಅರ್ಧ ಜನ ಹಾಕುವುದಿಲ್ಲ, ದಿನಾ ಹೇಳಬೇಕಾಗಿದೆ. ಹುಣ್ಣು ಮುಚ್ಚಿದೆ. ಪಾದ ಮಾತ್ರ ಮೊದಲಿನಂತೆ ಮಡಿಸುವುದಿಲ್ಲ, ಇಳಿಜಾರಿನ ಕೆಲಸ ಅವರಿಂದ ಆಗದು. ಕಣದಲ್ಲಿ ಕುಳಿತು ಹಣ್ಣಿನ ತೂಕ ಬರೆದುಕೊಳ್ಳುತ್ತಾರೆ.